ಓದುಗರ ಸ್ಪಂದನ: ಹಳೆಯ ಹಂಚಿನ ಮನೆ ಕೊಳ್ಳುವ ಮೊದಲು ದುರಸ್ತಿಯ ಲೆಕ್ಕ

(ಅಂಕೋಲಾ ಸಮೀಪದ ಹಳೆಯ ಹಂಚಿನ ಮನೆಯೊಂದನ್ನು ತಮ್ಮ ಮೊದಲ ಮನೆಯಾಗಿ ಕೊಳ್ಳಲು ಹೊರಟಿರುವ ಓದುಗರೊಬ್ಬರು, ‘ಸಣ್ಣಪುಟ್ಟ ರಿಪೇರಿ ಸಾಕು’ ಎಂಬ ದಲ್ಲಾಳಿಯ ಮಾತನ್ನು ನಂಬಿ ಮುಂಗಡ ಕೊಡಬಹುದೇ, ದುರಸ್ತಿಯ ಖರ್ಚನ್ನು ಮೊದಲೇ ಅಂದಾಜಿಸುವುದು ಹೇಗೆ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಮೂರು ಇಲ್ಲಿವೆ.)

ಮನೆ ಸಾವಿರ ಚದರಡಿಯದು ಎಂದು ಬರೆದಿದ್ದೀರಿ. ಆ ಅಂಕಿಯನ್ನು ಹಿಡಿದು ಚದರಡಿಗೆ ಇಷ್ಟು ಎಂದು ಗುಣಿಸಬೇಡಿ. ನಮ್ಮ ಜಿಲ್ಲೆಯ ಹಳೆಯ ಮನೆಗಳಲ್ಲಿ ಹಣ ನುಂಗುವುದು ನೆಲವಲ್ಲ, ಮಾಡು (ಹಂಚಿನ ಛಾವಣಿ). 40 ಅಡಿ ಉದ್ದ, 25 ಅಡಿ ಅಗಲದ ಮನೆಗೆ ನಾಲ್ಕೂ ಕಡೆ ಎರಡೂವರೆ ಅಡಿ ಸೂರು ಚಾಚಿದ್ದರೆ ಮಾಡಿನ ಅಡಿಯ ಜಾಗವೇ 1,350 ಚದರಡಿ; ಇಳಿಜಾರು 30 ಡಿಗ್ರಿ ಇದ್ದರೆ ಹಂಚು ಹೊದಿಸಬೇಕಾದ ಮೈ 1,550 ಚದರಡಿಯನ್ನು ದಾಟುತ್ತದೆ. ನೂರು ಚದರಡಿಗೆ ಹೆಚ್ಚುಕಡಿಮೆ 150 ಮಂಗಳೂರು ಹಂಚು ಬೇಕು ಎಂದರೆ ಒಟ್ಟು 2,300ಕ್ಕೂ ಮೇಲಾಯಿತು.

ಹಾಗೆಂದು ಹಂಚಿಗೆ ಹೆದರಬೇಕಾಗಿಲ್ಲ, ಹಳೆಯದರಲ್ಲಿ ಬಹುಪಾಲು ಮತ್ತೆ ಬಳಕೆಗೆ ಬರುತ್ತದೆ. ನೋಡಬೇಕಾದದ್ದು ಅದರಡಿಯ ಮರವನ್ನು. ದಲ್ಲಾಳಿ ತೋರಿಸಿದವರನ್ನು ಬಿಟ್ಟು, ನಿಮಗೆ ಗೊತ್ತಿರುವ ಬಡಗಿಯೊಬ್ಬರನ್ನು ಅಟ್ಟಕ್ಕೆ ಹತ್ತಿಸಿ, ಪಕಾಸುಗಳ (ಮಾಡಿನ ಇಳಿಜಾರಿನುದ್ದಕ್ಕೆ ಹಾಕುವ ಮರಗಳ) ತುದಿ ಗೋಡೆಯ ಮೇಲೆ ಕೂರುವ ಜಾಗವನ್ನು ಒಂದೊಂದಾಗಿ ಉಳಿಯಿಂದ ಚುಚ್ಚಿ ನೋಡಲು ಹೇಳಿ. ಗೆದ್ದಲು ಗೋಡೆ ಹತ್ತಿ ಮೊದಲು ಸೇರುವುದು ಅಲ್ಲಿಗೇ. ತೊಲೆ ಎಷ್ಟು, ಪಕಾಸು ಎಷ್ಟು, ಹಂಚು ಕೂರುವ ರೀಪು ಎಷ್ಟು ಅಡಿ ಬದಲಾಗಬೇಕೆಂದು ಅವರು ಎಣಿಸಿ ಬರೆದುಕೊಟ್ಟರೆ ಮಾತ್ರ ಅದು ಅಂದಾಜು. ‘ಅಲ್ಲಲ್ಲಿ ಬದಲಿಸಿದರಾಯಿತು’ ಎನ್ನುವುದು ಸಮಾಧಾನದ ಮಾತು. ಸಾಧ್ಯವಾದರೆ ಜೋರು ಮಳೆಯ ದಿನವೇ ಮನೆಯೊಳಗೆ ನಿಂತು ನೋಡಿ. ಬೇಸಿಗೆಯಲ್ಲಿ ಹೊಸದಾಗಿ ಸುಣ್ಣಬಣ್ಣ ಕಂಡ ಗೋಡೆ ಏನನ್ನೂ ಹೇಳುವುದಿಲ್ಲ.
— ಓದುಗರು, ಶಿರಸಿ

ಮೂಲ ಮನೆ ಹಂಚಿನದಾದರೂ ಆಮೇಲೆ ಸೇರಿಸಿದ ಬಚ್ಚಲು, ಅಡುಗೆಮನೆಗಳಿಗೆ ಕಾಂಕ್ರೀಟಿನ ಸ್ಲ್ಯಾಬ್ ಇರುವುದು ಸಾಮಾನ್ಯ. ಕಡಲ ಉಪ್ಪುಗಾಳಿಗೆ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದಂತೆ ಕಾಂಕ್ರೀಟನ್ನು ಕೆಳಗೆ ತಳ್ಳುತ್ತದೆ. ಸ್ಲ್ಯಾಬಿನ ಅಡಿಯಲ್ಲಿ ಸರಳಿನ ಜಾಡು ಹಿಡಿದ ಬಿರುಕು, ಕಂದು ಕಲೆ ಅಥವಾ ಈಚೆಗೆ ಹಚ್ಚಿದ ಸಿಮೆಂಟಿನ ತೇಪೆ ಕಂಡರೆ, ತಟ್ಟಿದಾಗ ಪೊಳ್ಳು ಸದ್ದು ಬರುತ್ತದೆಯೇ ಎಂದು ಪರೀಕ್ಷಿಸಿ. ಸರಳು ಸಾಕಷ್ಟು ಸವೆದಿದ್ದರೆ ತೇಪೆಗೆ ಹಣ ಸುರಿಯದೆ ಒಡೆದು ಹೊಸದಾಗಿ ಹಾಕುವ ಲೆಕ್ಕವನ್ನೇ ಇಟ್ಟುಕೊಳ್ಳಿ. ಒಡೆದದ್ದನ್ನು ಸಾಗಿಸುವ ಬಾಡಿಗೆಯೂ ಅದರಲ್ಲಿ ಸೇರಲಿ. ಅರ್ತಿಂಗ್ ಇಲ್ಲದ ಹಳೆಯ ವೈರಿಂಗನ್ನು ಪೂರ್ತಿ ಬದಲಿಸಬೇಕಾಗುತ್ತದೆ. ಬಾವಿಯ ನೀರನ್ನು ಏಪ್ರಿಲ್-ಮೇ ತಿಂಗಳಲ್ಲಿ ರುಚಿ ನೋಡಿ, ಏಕೆಂದರೆ ಕರಾವಳಿಯ ಎಷ್ಟೋ ಬಾವಿಗಳು ಉಪ್ಪಾಗುವುದು ಆಗಲೇ.
— ಓದುಗರು, ಕಾರವಾರ

ಖರ್ಚಿನ ಪಟ್ಟಿಯಲ್ಲಿ ಯಾರೂ ಬರೆಯದ ಬಾಬತ್ತೊಂದಿದೆ: ಕಾಯುವ ತಿಂಗಳುಗಳು. ಮಾಡು ಬಿಚ್ಚುವ ಕೆಲಸ ಜೂನಿನ ಮಳೆಗೆ ಮೊದಲೇ ಮುಗಿಯಬೇಕು, ಅದೇ ಹೊತ್ತಿಗೆ ಊರಿನ ಬಡಗಿಗಳೆಲ್ಲ ಬೇರೆಯವರ ಕೆಲಸದಲ್ಲಿರುತ್ತಾರೆ. ಮೇ ತಿಂಗಳಲ್ಲಿ ನೋಂದಣಿಯಾದರೆ ಕೆಲಸ ದೀಪಾವಳಿಯ ಸುಮಾರಿಗೆ ಹೋಗುತ್ತದೆ. ಅಲ್ಲಿಯವರೆಗೆ ಈಗಿನ ಮನೆಯ ಬಾಡಿಗೆ, ಹೊಸ ಮನೆಯ ಕಂತು ಎರಡನ್ನೂ ಕಟ್ಟಬೇಕು.

ಬ್ಯಾಂಕಿನ ಗೃಹಸಾಲದ ಬಗ್ಗೆಯೂ ಎಚ್ಚರವಿರಲಿ. 30 ಲಕ್ಷದವರೆಗಿನ ಸಾಲ ಮನೆಯ ಮೌಲ್ಯದ ಶೇ 90ರಷ್ಟರವರೆಗೆ ಸಿಗಬಹುದೆಂಬುದು ಗರಿಷ್ಠ ಮಿತಿ ಮಾತ್ರ; ಹಳೆಯ ಕಟ್ಟಡಕ್ಕೆ ಬ್ಯಾಂಕಿನ ಮೌಲ್ಯಮಾಪಕರು ಮಾಲೀಕರು ಹೇಳುವ ಬೆಲೆಗಿಂತ ಕಡಿಮೆ ಬರೆದರೆ ಆ ವ್ಯತ್ಯಾಸವನ್ನು ನೀವೇ ತುಂಬಬೇಕು, ಆಗ ದುರಸ್ತಿಗೆಂದು ಎತ್ತಿಟ್ಟ ಹಣ ಅಲ್ಲಿಗೇ ಹೋಗುತ್ತದೆ. ದುರಸ್ತಿಗೆ ಪ್ರತ್ಯೇಕ ಸಾಲ ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಮನೆ ಕಡಲಿಗೋ ಉಪ್ಪುನೀರು ನುಗ್ಗುವ ಹೊಳೆಗೋ ಹತ್ತಿರವಿದ್ದರೆ ಕರಾವಳಿ ನಿಯಂತ್ರಣ ವಲಯದ ನಿಯಮವನ್ನು ವಿಚಾರಿಸಿ. ನಿರ್ಮಾಣ ನಿಷೇಧಿತ ಪ್ರದೇಶದೊಳಗೆ ಅಧಿಕೃತ ಹಳೆಯ ಮನೆಯ ದುರಸ್ತಿಗೆ ಅವಕಾಶವಿದ್ದರೂ ತಳಪಾಯದ ವಿಸ್ತೀರ್ಣವನ್ನು ಹೆಚ್ಚಿಸುವಂತಿಲ್ಲ. ಮುಂದೊಂದು ಕೋಣೆ ಸೇರಿಸುವ ಯೋಚನೆಯಿದ್ದರೆ ಅದು ಈಗಲೇ ಇತ್ಯರ್ಥವಾಗಲಿ.

ಎಲ್ಲವನ್ನೂ ಕೂಡಿಸಿದ ಮೇಲೆ ಐದರಲ್ಲೊಂದು ಪಾಲನ್ನು ಮೇಲೆ ಸೇರಿಸಿ, ಹಂಚು ಬಿಚ್ಚಿದ ಮೇಲಷ್ಟೇ ಕಾಣುವ ಕೆಲಸಗಳಿಗೆ ನನ್ನ ಮಟ್ಟಿಗೆ ಅಷ್ಟು ಬೇಕು. ಬಡಗಿ, ಮೇಸ್ತ್ರಿ ಬರೆದುಕೊಟ್ಟ ಚೀಟಿಗಳನ್ನು ಮಾಲೀಕರ ಮುಂದಿಟ್ಟು ಬೆಲೆ ಮಾತನಾಡಿ, ಮುಂಗಡದ ವಿಚಾರ ಆಮೇಲಿನದು.
— ಓದುಗರು, ಕುಮಟಾ