ಸಹಾಯ ಬೇಕು: ಮೈಸೂರಲ್ಲಿ ಇಬ್ಬರು ಪುಟಾಣಿಗಳು, ಹತ್ತು ದಿನ ರಜೆ!

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ತಂಗಿಯ ಮಗಳು ನಮ್ಮ ಮನೆಗೆ ಬರುತ್ತಿದ್ದಾಳೆ. ಅವಳಿಗೆ 6 ವರ್ಷ, ನನ್ನ ಮಗನಿಗೆ ಮೂರೂವರೆ. ಅವಳಿಗೆ ಓಡಬೇಕು, ಇವನಿಗೆ ಹತ್ತು ಹೆಜ್ಜೆಗೇ "ಎತ್ಕೋ". ಜೊತೆಗೆ ಅತ್ತೆಗೆ ಮಂಡಿನೋವು.

ಹೋದ ಸಲ ಮೃಗಾಲಯದ ಗೇಟಿನವರೆಗೂ ಹೋಗಿ ಪೆಚ್ಚಾಗಿ ವಾಪಸ್ ಬಂದೆವು. ಅವತ್ತು ಮಂಗಳವಾರ! ವಾರದ ರಜೆ ಅಂತ ನೋಡಿಕೊಳ್ಳದಿದ್ದದ್ದು ನನ್ನದೇ ತಪ್ಪು ಬಿಡಿ. ಪಕ್ಕದ ಕಾರಂಜಿ ಕೆರೆಗೂ ಅವತ್ತೇ ರಜೆ. ಚುರುಮುರಿ ಕೊಡಿಸಿ ಸಮಾಧಾನ ಮಾಡಿದ್ದಾಯಿತು. ರೈಲು ಮ್ಯೂಸಿಯಂ ಮಾತ್ರ ನನ್ನ ಮಗನಿಗೆ ಪ್ರಾಣ. ಹಳೇ ಉಗಿ ಇಂಜಿನ್ ಮುಂದೆ ನಿಂತರೆ ಕದಲುವುದೇ ಇಲ್ಲ.

ಈ ಸಲ ರಂಗನತಿಟ್ಟಿಗೆ ಕರೆದುಕೊಂಡು ಹೋಗುವ ಆಸೆ. ಆದರೆ ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ ಅಲ್ವಾ? ಈ ವಾರ ಯಾರಾದರೂ ಹೋಗಿದ್ದರೆ ಹೇಳಿ. ಮೂರೂವರೆ ವರ್ಷದವನು ದೋಣಿಯಲ್ಲಿ ಸುಮ್ನೆ ಕೂರುತ್ತಾನಾ ಅನ್ನೋದು ಬೇರೆ ಪ್ರಶ್ನೆ.

ಇನ್ನು ಮನೆಯ ಆಟ. ಅತ್ತೆ ಅಟ್ಟದಿಂದ ಅಳಿಗುಳಿ ಮಣೆ ಇಳಿಸಿಕೊಂಡಿದ್ದಾರೆ. 14 ಗುಳಿ, ಒಂದು ಡಬ್ಬಿ ಹುಣಸೆ ಬೀಜ. ದೊಡ್ಡವಳಿಗೆ ಸರಿ, ಚಿಕ್ಕವನು ಬೀಜ ಬಾಯಿಗೆ ಹಾಕುತ್ತಾನೆ, ಒಮ್ಮೆ ಮೂಗಿಗೂ ತುರುಕಿಕೊಂಡಿದ್ದ! ಬೀಜದ ಬದಲು ಏನು ಬಳಸಬಹುದು? ಕುಂಟೆಬಿಲ್ಲೆ ಕಲಿಸೋಣ ಅಂದರೆ ಇವನಿಗೆ ಇನ್ನೂ ಒಂಟಿ ಕಾಲಲ್ಲಿ ನಿಲ್ಲೋಕೇ ಬರಲ್ಲ. ಇಬ್ಬರೂ ಜಗಳ ಆಡದೆ ಒಟ್ಟಿಗೆ ಆಡುವಂಥದ್ದು ಇದ್ದರೆ ಹೇಳಿ. ಮೊಬೈಲ್ ಮಾತ್ರ ಬೇಡ.