ಕ್ರಿಪ್ಟಿಕ್ 9 ಅಡ್ಡ: ಈ 'ಇಂಡಿಯನ್ ಫ್ಲವರ್' ಯಾವುದು? ಯಾರಾದ್ರೂ ಬಿಡಿಸಿ

ಖಾಲಿಮನೆ
ಮೂರು ದಿನದಿಂದ ಇದೊಂದೇ ಕಾಡುತ್ತಿದೆ. ನಮ್ಮ ಅಪಾರ್ಟ್‌ಮೆಂಟಿನ ತಿಂಗಳ ಪತ್ರಿಕೆಯಲ್ಲಿ ಬಂದ ಇಂಗ್ಲಿಷ್ ಕ್ರಿಪ್ಟಿಕ್, ಅಂದರೆ ಸುಳಿವಿನಲ್ಲಿ ಅರ್ಥದ ಜೊತೆ ಅಕ್ಷರಗಳ ಆಟವೂ ಅಡಗಿರುವ ಪದಬಂಧ. ಸುಳಿವು ಹೀಗಿದೆ:

'ಕ್ರೂ ಗೆಟ್ಸ್ ಟೂ ಪಾಯಿಂಟ್ಸ್ ಫಾರ್ ಇಂಡಿಯನ್ ಫ್ಲವರ್'

ಮಲ್ಲಿಗೆ, ಸೇವಂತಿಗೆ, ಚೆಂಡುಹೂವು, ಎಲ್ಲದರ ಇಂಗ್ಲಿಷ್ ಹೆಸರೂ ಹಾಕಿ ನೋಡಿದೆ. ಅಳಿಸಿ ಅಳಿಸಿ ಕಾಗದ ತೂತು ಬಿದ್ದಿದೆ. ಸುಳಿವೇ ತಪ್ಪು ಅನ್ನಿಸುತ್ತಿದೆ.

ರಬ್ಬರ್ಪೆನ್ಸಿಲ್
ಲೋಟಸ್. ಕ್ರೂ ಅಂದರೆ ಒಂದು ಗುಂಪು, ಅಂದರೆ 'ಲಾಟ್', ಎಲ್-ಓ-ಟಿ. ಉಳಿದ ಯು-ಎಸ್ ಎರಡು ಪಾಯಿಂಟ್. ರಾಷ್ಟ್ರೀಯ ಹೂವು ಬೇರೆ. ಬರೆದುಕೊಳ್ಳಿ.

ಅಡ್ಡ12
ಎಸ್ ಅಂದರೆ ಸೌತ್, ಸರಿ. ಯು ಯಾವ ದಿಕ್ಕು ಸಾರ್?

ರಬ್ಬರ್ಪೆನ್ಸಿಲ್
ಅಪ್.

ಅಡ್ಡ12
ಅಪ್ ದಿಕ್ಸೂಚಿಯಲ್ಲಿ ಇಲ್ಲವಲ್ಲ. ಪಾಯಿಂಟ್ಸ್ ಅಂದಾಗ ಎನ್, ಎಸ್, ಇ, ಡಬ್ಲ್ಯು, ಈ ನಾಲ್ಕೇ. ಖಾಲಿಮನೆ ಅವರೇ, ಕೊನೆಯಲ್ಲಿ ಆವರಣದೊಳಗೆ ಒಂದು ಅಂಕಿ ಇರುತ್ತದೆ. ಅದನ್ನು ಬಿಟ್ಟಿದ್ದೀರಿ.

ಖಾಲಿಮನೆ
ಓ, ಅದೂ ಬೇಕಾ? 6 ಅಂತ ಇದೆ.

ರಬ್ಬರ್ಪೆನ್ಸಿಲ್
ಅಚ್ಚಿನ ತಪ್ಪು ಇರಬಹುದು. 5 ಆಗಬೇಕಿತ್ತು.

ತುಂಗಾತೀರ
ಆರಕ್ಷರ ಅಂದರೆ 'ಚಂಪಾ', ಸಿ-ಎಚ್-ಎ-ಎಂ-ಪಿ-ಎ. ಪಾಯಿಂಟ್ಸ್ ಗೆದ್ದವನು ಚಾಂಪ್ ಅಲ್ವಾ?

ಖಾಲಿಮನೆ
ಬರಲ್ಲ. ಮೂರನೇ ಮನೆಯಲ್ಲಿ ಎನ್ ಇದೆ. ಕೊನೆಯಲ್ಲಿ ಎಸ್ ಇದೆ. ಎರಡೂ ಕೆಳಕ್ಕೆ ಹೋಗುವ ಪದಗಳಿಂದ ಬಂದದ್ದು, ಖಚಿತ.

ಅಡ್ಡ12
ಇದನ್ನು ಮೊದಲೇ ಹೇಳಬಾರದಿತ್ತಾ ಸಾರ್!

ರಬ್ಬರ್ಪೆನ್ಸಿಲ್
ನೋಡಿ, ಕೊನೆಗೆ ಎಸ್ ಇದೆ. ಲೋಟಸ್ ಕೊನೆಯಲ್ಲೂ ಎಸ್. ನಾನು ಇನ್ನೂ ಅದನ್ನು ಬಿಟ್ಟಿಲ್ಲ.

ಮಸಿಬೆರಳು
ಹೂವು ಹುಡುಕುವುದನ್ನೇ ನಿಲ್ಲಿಸಿ. ಒಂದು ಕೆಲಸ ಮಾಡಿ. ಸುಳಿವಿನ ಕೊನೆಯ ಪದವನ್ನು ಪೆನ್ಸಿಲ್ಲಿನಲ್ಲಿ ಇಂಗ್ಲಿಷಿನಲ್ಲೇ ದೊಡ್ಡದಾಗಿ ಬರೆಯಿರಿ: ಎಫ್-ಎಲ್-ಓ-ಡಬ್ಲ್ಯು-ಇ-ಆರ್. ಕೊನೆಯ ಎರಡು ಅಕ್ಷರದ ಮೇಲೆ ಬೆರಳಿಡಿ. ಏನು ಉಳಿಯಿತು? 'ಫ್ಲೋ'. ಹರಿ. ಈಗ ಬೆರಳು ತೆಗೆಯಿರಿ. ಫ್ಲೋ-ಅರ್. ಹರಿಯುವಂಥದ್ದು. ನದಿ!

ಭಾರತದ ನದಿ, ಆರಕ್ಷರ. ಕ್ರೂ ಅಂದರೆ 'ಗ್ಯಾಂಗ್'. ಎರಡು ಪಾಯಿಂಟ್ ಅಂದರೆ ಈಸ್ಟ್, ಸೌತ್. ಜಿ-ಎ-ಎನ್-ಜಿ, ಇ, ಎಸ್. ಗ್ಯಾಂಜಿಸ್. ಮೂರನೇದು ಎನ್, ಕೊನೆಯದು ಎಸ್.

ನೀವು ಸುಳಿವನ್ನು ಕನ್ನಡ ಲಿಪಿಯಲ್ಲಿ 'ಫ್ಲವರ್' ಅಂತ ಬರೆದಾಗಲೇ ಬಾಗಿಲು ಮುಚ್ಚಿಹೋಯಿತು. ನಾವು ಬರೆದಂತೆ ಓದುವವರು, ಓದಿದಂತೆ ಬರೆಯುವವರು. ಕಿವಿಗೆ ಕೇಳಿದ್ದನ್ನೇ ನಂಬುತ್ತೇವೆ. ಇಂಗ್ಲಿಷ್ ಕ್ರಿಪ್ಟಿಕ್ ಕಿವಿಗಲ್ಲ, ಕಣ್ಣಿಗೆ. ಒಂದೇ ಕಾಗುಣಿತಕ್ಕೆ ಎರಡು ಉಚ್ಚಾರ ಇರುವ ಕಡೆಯೇ ಆಟ ನಡೆಯುವುದು. 'ಟವರ್' ಬಂದರೆ ಎಳೆದುಕೊಂಡು ಹೋಗುವ ಗಾಡಿ ಇರಬಹುದು, ಟೋ-ಅರ್. 'ನಂಬರ್' ಬಂದರೆ ಮರಗಟ್ಟಿಸುವ ಔಷಧ ಇರಬಹುದು, ನಮ್-ಅರ್.

ಖಾಲಿಮನೆ
ಅಯ್ಯೋ! ಗಂಗೆ! ಮೂರು ದಿನ ಕಣ್ಣೆದುರೇ ಹರಿದಿದ್ದಾಳೆ. ತುಂಬಾ ಥ್ಯಾಂಕ್ಸ್ ಮೇಡಂ.

ತುಂಗಾತೀರ
ನನಗೆ ಒಪ್ಪಿಗೆ ಇಲ್ಲ. ಗಂಗೆ ಬಾಂಗ್ಲಾದೇಶದಲ್ಲೂ ಹರಿಯುತ್ತಾಳೆ, ಅಲ್ಲಿ ಪದ್ಮಾ ಅಂತ ಹೆಸರು. ಬರೀ 'ಇಂಡಿಯನ್' ಅಂದರೆ ಹೇಗೆ? ಫ್ಲವರನ್ನು ನದಿ ಮಾಡಿದ ಮೇಲೆ, ಇಲ್ಲೊಂದು ಚೇಷ್ಟೆ ಇದೆ ಅಂತ ಸೂಚಿಸಲು ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆಯಾದರೂ ಬೇಕಿತ್ತು.

ಮಸಿಬೆರಳು
ಭಾರತದಲ್ಲಿ ಹರಿಯುತ್ತಾಳಲ್ಲ, ಅಷ್ಟು ಸಾಕು. ಚಿಹ್ನೆ ಹಾಕಿದರೆ ಮೆಚ್ಚುತ್ತೇನೆ, ಹಾಕದಿದ್ದರೆ ಜಗಳ ಆಡುವುದಿಲ್ಲ. ಆಫ್ರಿಟ್ ಹೆಸರಿನಲ್ಲಿ ಸುಳಿವು ಕಟ್ಟುತ್ತಿದ್ದ ಎ. ಎಫ್. ರಿಚಿ 1949ರಲ್ಲೇ ಹೇಳಿದ್ದು: ಸುಳಿವು ಕಟ್ಟುವವರು ಹೇಳಿದ್ದೇ ಅವರ ಮನಸ್ಸಿನಲ್ಲಿರಬೇಕಿಲ್ಲ, ಆದರೆ ಮನಸ್ಸಿನಲ್ಲಿರುವುದನ್ನು ಹೇಳಿರಲೇಬೇಕು. ಇಲ್ಲಿ ಹೇಳಿದ್ದಾರೆ. ಹರಿಯುವಂಥದ್ದು ಅಂತ ಅಕ್ಷರಶಃ ಬರೆದಿದ್ದಾರೆ.

ರಬ್ಬರ್ಪೆನ್ಸಿಲ್
ಗಂಗೆ ಒಪ್ಪಿದೆ. ನಾನು ದಿನಾ ಪದಬಂಧವನ್ನು ಎ4 ಹಾಳೆಗೆ ದೊಡ್ಡದು ಮಾಡಿ ಪ್ರಿಂಟ್ ತೆಗೆಯುತ್ತೇನೆ. ಪಕ್ಕದಲ್ಲಿ ಚೇಂಬರ್ಸ್ ನಿಘಂಟು, 2ಬಿ ಪೆನ್ಸಿಲ್ ಎರಡು, ಮೊಬೈಲಿನಲ್ಲಿ ಟೈಮರ್. ಹೋದ ವಾರ 12 ನಿಮಿಷಕ್ಕೆ ಮುಗಿಸಿದೆ. 1942ರ ಜನವರಿಯಲ್ಲಿ ಲಂಡನ್ನಿನ ಡೈಲಿ ಟೆಲಿಗ್ರಾಫ್ ಸ್ಪರ್ಧೆಗೆ ಇಟ್ಟಿದ್ದೂ 12 ನಿಮಿಷವೇ. ಹಾಗೆ ಬಿಡಿಸಿದವರಲ್ಲಿ ಕೆಲವರನ್ನು ಬ್ಲೆಚ್ಲಿ ಪಾರ್ಕಿಗೆ, ಯುದ್ಧಕಾಲದಲ್ಲಿ ಶತ್ರುಗಳ ಗುಪ್ತಲಿಪಿ ಒಡೆಯುವ ಕೆಲಸಕ್ಕೆ ಕರೆದುಕೊಂಡರು.

ಅಡ್ಡ12
ನಾನು ಬಾಲ್ ಪೆನ್. ಅಳಿಸೋ ಮಾತೇ ಇಲ್ಲ.

ತುಂಗಾತೀರ
ಇಂಥ ಆಟ ಕನ್ನಡದಲ್ಲಿ ಯಾಕೆ ಜಾಸ್ತಿ ಇಲ್ಲ? ಕಾಗುಣಿತ, ಒತ್ತಕ್ಷರ ಎಲ್ಲ ಒಂದೇ ಮನೆಯಲ್ಲಿ ಕೂರುತ್ತವೆ. ಇಂಗ್ಲಿಷಿನ ಹಾಗೆ ಒಡೆಯಲು ಬರುವುದಿಲ್ಲ.

ಮಸಿಬೆರಳು
ಯಾಕೆ ಬರುವುದಿಲ್ಲ? ತಗೊಳ್ಳಿ: 'ಹೊಳೆ ಹಿಂದಕ್ಕೆ ಹರಿದರೆ 24 ಗಂಟೆ (2)'.

ಅಡ್ಡ12
ಹೊಳೆ ಅಂದರೆ ನದಿ. ಹಿಂದಿನಿಂದ ಓದಿದರೆ ದಿನ! ಆಹಾ, ಚೆನ್ನಾಗಿದೆ.

ತುಂಗಾತೀರ
ಇದು ಒಪ್ಪಿದೆ.

ಖಾಲಿಮನೆ
ಇನ್ನೊಂದು ಉಳಿದಿದೆ, 15 ಅಡ್ಡ. ಈ ಸಲ ಎಲ್ಲ ಹೇಳುತ್ತೇನೆ. 'ಆಫ್ರಿಕನ್ ಬ್ಯಾಂಕರ್ ವಿತ್ ಝೀರೋ ಎನರ್ಜಿ (4)'. ಎರಡನೇ ಮನೆಯಲ್ಲಿ ಐ. ಬ್ಯಾಂಕರ್ ಕಾಗುಣಿತ ಬಿ-ಎ-ಎನ್-ಕೆ-ಇ-ಆರ್. ಬೆರಳಿಟ್ಟು ನೋಡಿದೆ. ಬ್ಯಾಂಕ್ ಅಂದರೆ ಇಲ್ಲಿ ದಡ, ಅಲ್ವಾ ಮೇಡಂ? ಅಷ್ಟು ಹೇಳಿ ಸಾಕು, ಉತ್ತರ ಹೇಳಬೇಡಿ.

ಮಸಿಬೆರಳು
ಹೌದು, ದಡ.