ಪದಚರ್ಚೆ: ‘ರಿಮೋಟ್ ಡೆಸ್ಕ್‌ಟಾಪ್’ ವಿವರಿಸಲು ‘ಆಚೆ–ಈಚೆ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಒಂದು ಕಂಪ್ಯೂಟರಿನ ಮುಂದೆ ಕೂತು ಇನ್ನೊಂದು ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿ ಕೆಲಸ ಮಾಡುವುದು ಹೇಗೆ ಎಂದು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕಂಪ್ಯೂಟರ್ ಬಳಸಲು ಬರುವ, ಆದರೆ ನೆಟ್‌ವರ್ಕ್ ವಿಷಯ ಅಷ್ಟಾಗಿ ಗೊತ್ತಿಲ್ಲದವರು ಇದನ್ನು ಓದಿ ಯಾರ ಸಹಾಯವೂ ಇಲ್ಲದೆ ಮಾಡಿಕೊಳ್ಳುವಂತಿರಬೇಕು. ಅದಕ್ಕೆ ಕೆಲವು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ.

ಮೊದಲನೆಯದು ‘ರಿಮೋಟ್’ ಮತ್ತು ‘ಲೋಕಲ್’. ‘ದೂರಸ್ಥ’, ‘ಸ್ಥಳೀಯ’ ಎಂದು ಬರೆಯುವ ರೂಢಿ ಇದೆ. ನನಗೆ ಎರಡೂ ಒಪ್ಪುತ್ತಿಲ್ಲ. ಇಲ್ಲಿ ದೂರ ಮುಖ್ಯವೇ ಅಲ್ಲ. ಆ ಇನ್ನೊಂದು ಯಂತ್ರ ಬೇರೆ ಖಂಡದಲ್ಲಿರಬಹುದು, ಪಕ್ಕದ ಕೋಣೆಯಲ್ಲಿರಬಹುದು. ನೀವು ಕೂತಿರುವ ಕಂಪ್ಯೂಟರಿನ ಒಳಗೇ ಓಡುತ್ತಿರುವ ವರ್ಚುವಲ್ ಮಷೀನ್ (ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರ್) ಕೂಡ ಆಗಿರಬಹುದು. ಎಲ್ಲಿದ್ದರೂ ನಡೆಯುವುದು ಒಂದೇ: ನಮ್ಮ ಕೀಬೋರ್ಡ್, ಮೌಸಿನ ಸುದ್ದಿ ಅಲ್ಲಿಗೆ ಹೋಗುತ್ತದೆ, ಅಲ್ಲಿನ ಪರದೆಯ ಚಿತ್ರ ಇಲ್ಲಿಗೆ ಬರುತ್ತದೆ. ಇನ್ನು ‘ಸ್ಥಳೀಯ’ ಅಂದರೆ ಓದುಗರಿಗೆ ಹೊಳೆಯುವುದು ಊರು, ಪಂಚಾಯ್ತಿ. ಮುಂದಿರುವ ಯಂತ್ರ ಅಲ್ಲ.

ಅದಕ್ಕೆ ‘ಈಚೆ’, ‘ಆಚೆ’ ಎಂದು ಬರೆದು ನೋಡಿದೆ. ‘ಆಚೆಯ ಕಂಪ್ಯೂಟರಿನಲ್ಲಿ ಮೊದಲು ಸರ್ವರ್ ಶುರು ಮಾಡಿ, ಆಮೇಲೆ ಈಚೆಯಿಂದ ಕನೆಕ್ಟ್ ಆಗಿ.’ ಓದಲು ಹಗುರ. ಈ–ಆ, ಇಲ್ಲಿ–ಅಲ್ಲಿ, ಇತ್ತ–ಅತ್ತ ಎಂದು ಜೋಡಿಯಾಗಿಯೇ ಪದಗಳಿರುವ ಭಾಷೆ ನಮ್ಮದು. ಅದನ್ನು ಬಿಟ್ಟು ‘ದೂರಸ್ಥ’ದ ಹಿಂದೆ ಹೋಗುವುದೇಕೆ ಅನ್ನಿಸಿತು.

ಆದರೆ ಎರಡು ತೊಡಕುಗಳಿವೆ. ದಕ್ಷಿಣದ ಕಡೆ ಮಾತಿನಲ್ಲಿ ‘ಆಚೆ’ ಅಂದರೆ ಹೊರಗೆ. ‘ಆಚೆಯಿಂದ ಬನ್ನಿ’ ಅಂದರೆ ಹೊರಗಿನಿಂದ ಬನ್ನಿ ಎಂದಾಗುತ್ತದೆ. ಇದು ಓದುಗರನ್ನು ಎಷ್ಟು ಎಡವಿಸುತ್ತದೆ ಎಂದು ಬೇರೆ ಬೇರೆ ಕಡೆಯವರು ಹೇಳಬೇಕು.

ಎರಡನೆಯದು ಇನ್ನೂ ಗಟ್ಟಿ ತೊಡಕು. ಆಚೆಯ ಡೆಸ್ಕ್‌ಟಾಪನ್ನು ಈಚೆ ತೋರಿಸುವ ವಿಎನ್‌ಸಿ ಎಂಬ ವ್ಯವಸ್ಥೆಯ ಮೂಲ ವಿಧಾನದಲ್ಲಿ ಪರದೆಯ ಚಿತ್ರ, ನಾವು ಒತ್ತುವ ಕೀಲಿ ಯಾವುದನ್ನೂ ಗುಟ್ಟು ಮಾಡಿ ಕಳಿಸುವುದಿಲ್ಲ. ಪಾಸ್‌ವರ್ಡಿನಲ್ಲೂ ಮೊದಲ 8 ಅಕ್ಷರ ಮಾತ್ರ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಅದನ್ನು ಎಸ್‌ಎಸ್‌ಎಚ್ ಸುರಂಗದ ಮೂಲಕ, ಅಂದರೆ ಎರಡು ಕಂಪ್ಯೂಟರ್‌ಗಳ ನಡುವೆ ಎಲ್ಲವನ್ನೂ ಗುಟ್ಟು ಮಾಡಿ ಒಯ್ಯುವ ದಾರಿಯಲ್ಲಿ, ಕಳಿಸಿ ಎಂದು ಹೇಳಲೇಬೇಕು. (‘ಸುರಂಗ’ದ ಬಗ್ಗೆ ನನಗೆ ತಕರಾರಿಲ್ಲ, ಚೆನ್ನಾಗಿ ಕೂರುತ್ತದೆ.) ಆ ಸುರಂಗ ಕಟ್ಟುವ ಆಜ್ಞೆಯಲ್ಲಿ ‘5901:ಲೋಕಲ್‌ಹೋಸ್ಟ್:5901’ ಎಂಬ ಭಾಗ ಬರುತ್ತದೆ. ಮೊದಲ 5901 ಈಚೆಯ ಪೋರ್ಟ್ (ನೆಟ್‌ವರ್ಕಿಗೆ ಕಂಪ್ಯೂಟರ್ ತೆರೆಯುವ ಬಾಗಿಲಿನ ಸಂಖ್ಯೆ), ಕೊನೆಯದು ಆಚೆಯದು. ‘ಲೋಕಲ್‌ಹೋಸ್ಟ್’ ಅಂದರೆ ‘ಈ ಕಂಪ್ಯೂಟರೇ’ ಎಂದು. ನಡುವೆ ಬಂದಿರುವ ಆ ಹೆಸರು ಯಾರದು? ಆಚೆಯದು! ಆ ಹೆಸರಿನ ಅರ್ಥವನ್ನು ಹುಡುಕುವುದು ಸುರಂಗದ ಆ ತುದಿಯಲ್ಲಿ. ಸುರಂಗ ತಯಾರಾದ ಮೇಲೆ ವಿಎನ್‌ಸಿ ವ್ಯೂವರಿನಲ್ಲಿ ಮತ್ತೆ ‘ಲೋಕಲ್‌ಹೋಸ್ಟ್’ ಎಂದೇ ಟೈಪ್ ಮಾಡುತ್ತೇವೆ. ಈ ಸಲ ಅದು ಈಚೆಯದು. ಇದನ್ನು ‘ಸ್ಥಳೀಯ ಗಣಕ’ ಎಂದು ಎರಡೂ ಕಡೆ ಬರೆದರೆ ಓದುಗರು ಖಂಡಿತ ದಾರಿ ತಪ್ಪುತ್ತಾರೆ. ‘ಆಚೆಯ ಕಂಪ್ಯೂಟರ್ ತನ್ನನ್ನೇ ಲೋಕಲ್‌ಹೋಸ್ಟ್ ಎಂದು ಕರೆದುಕೊಳ್ಳುತ್ತದೆ’ ಎಂದು ಬಿಡಿಸಿ ಬರೆದಿದ್ದೇನೆ. ‘ತನ್ನನ್ನೇ’ ಎಂಬ ಪದ ಅಲ್ಲಿ ಕೆಲಸ ಮಾಡುತ್ತಿದೆ ಎಂದು ನನ್ನ ನಂಬಿಕೆ. ಇದಕ್ಕಿಂತ ಚಿಕ್ಕದಾಗಿ ಹೇಳಲು ಆಗುತ್ತದೆಯೇ?

ಸರ್ವರ್, ಕ್ಲೈಂಟ್ ಎರಡನ್ನೂ ಹಾಗೇ ಇಟ್ಟುಕೊಂಡಿದ್ದೇನೆ. ‘ಸರ್ವರ್ ಅಂದರೆ ಆಚೆಯದು’ ಎಂದು ಮಾತ್ರ ಬರೆಯುವಂತಿಲ್ಲ. 1984ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಶುರುವಾದ, ಪ್ರೋಗ್ರಾಂಗಳ ಕಿಟಕಿಗಳನ್ನು ಪರದೆಯ ಮೇಲೆ ತೋರಿಸುವ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಸರ್ವರ್ ಇರುವುದು ಪರದೆ ಇರುವ ಕಡೆ, ಅಂದರೆ ನಿಮ್ಮ ಮುಂದೆಯೇ. ಆಚೆ ಓಡುವ ಪ್ರೋಗ್ರಾಂ ಅದಕ್ಕೆ ಕ್ಲೈಂಟ್. ಪರದೆಯನ್ನು ಒದಗಿಸುವವರು ಯಾರು, ಕೇಳಿ ಪಡೆಯುವವರು ಯಾರು ಎಂದು ನೋಡಿದರೆ ಇದು ಸರಿಯೇ.

ಇನ್ನು ‘ಡೆಸ್ಕ್‌ಟಾಪ್’. ಕನ್ನಡಕ್ಕೆ ಬಂದ ಕೆಲವು ತಂತ್ರಾಂಶಗಳಲ್ಲಿ ‘ಗಣಕತೆರೆ’ ಎಂದಿದೆ. ಒಳ್ಳೆಯ ಪದ, ನನಗಿಷ್ಟ. ಆದರೂ ಈ ಕೈಪಿಡಿಯಲ್ಲಿ ಬಳಸಲು ಹಿಂಜರಿಕೆ. ‘ಗಣಕತೆರೆ ತೆರೆಯಿರಿ’ ಎಂದು ಮತ್ತೆ ಮತ್ತೆ ಬರುತ್ತದೆ, ನಾಲಿಗೆ ತೊಡರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆಚೆಯ ಯಂತ್ರಕ್ಕೆ ತೆರೆಯೇ ಇಲ್ಲದಿರಬಹುದು. ಎಷ್ಟೋ ಸರ್ವರ್ ಯಂತ್ರಗಳಿಗೆ ಮಾನಿಟರ್ ಜೋಡಿಸಿರುವುದಿಲ್ಲ. ವಿಎನ್‌ಸಿ ಅಲ್ಲಿ ಮೆಮೊರಿಯಲ್ಲೇ ಒಂದು ಪರದೆಯನ್ನು ಕಟ್ಟಿಕೊಂಡು, ಅದರ ಚಿತ್ರವನ್ನು ನಮಗೆ ಕಳಿಸುತ್ತದೆ. 5901 ಎಂಬ ಸಂಖ್ಯೆ ಬಂದಿರುವುದೂ ಹಾಗೆಯೇ: 5900ಕ್ಕೆ ಪರದೆಯ ಸಂಖ್ಯೆಯನ್ನು (ಇಲ್ಲಿ 1) ಕೂಡಿಸಿದರೆ ಪೋರ್ಟ್ ಸಿಗುತ್ತದೆ. ಸದ್ಯಕ್ಕೆ ‘ಡೆಸ್ಕ್‌ಟಾಪ್’ ಎಂದೇ ಉಳಿಸಿದ್ದೇನೆ.

ನನಗೆ ಜಾಸ್ತಿ ಯೋಚನೆ ಹತ್ತಿಸಿರುವುದು ಆಚೆಯ ಕಂಪ್ಯೂಟರಿನಿಂದ ಹೊರಬರುವುದಕ್ಕೆ ಬಳಸುವ ಪದಗಳು. ಇಲ್ಲಿ ತಪ್ಪು ಪದ ಬಳಸಿದರೆ ಓದುಗರ ಕೆಲಸವೇ ಹಾಳಾಗಬಹುದು. ಡಿಸ್ಕನೆಕ್ಟ್ ಮಾಡಿದರೆ ಸಾಮಾನ್ಯವಾಗಿ ಆಚೆ ತೆರೆದಿಟ್ಟ ಪ್ರೋಗ್ರಾಂಗಳು ಹಾಗೇ ಓಡುತ್ತಿರುತ್ತವೆ, ಮತ್ತೆ ಬಂದಾಗ ಬಿಟ್ಟಲ್ಲಿಂದ ಮುಂದುವರಿಸಬಹುದು. ಲಾಗ್ ಔಟ್ ಮಾಡಿದರೆ ಅವೆಲ್ಲ ಮುಚ್ಚುತ್ತವೆ. ಶಟ್‌ಡೌನ್ ಮಾಡಿದರೆ ಆಚೆಯ ಯಂತ್ರವೇ ಆರಿಹೋಗುತ್ತದೆ, ಅಲ್ಲಿ ಯಾರೂ ಇಲ್ಲದಿದ್ದರೆ ಮತ್ತೆ ಆನ್ ಮಾಡುವವರು ಯಾರು? ‘ಸಂಪರ್ಕ ಕಡಿತ’ ಎಂದು ಬರೆದರೆ ಏನೋ ಕೆಟ್ಟಿದೆ ಅನ್ನಿಸುತ್ತದೆ, ನಾವಾಗಿಯೇ ಮಾಡುವ ಕೆಲಸದಂತೆ ಕೇಳಿಸುವುದಿಲ್ಲ. ‘ನಿರ್ಗಮಿಸಿ’ ಅಂದರೆ ಮೂರರಲ್ಲಿ ಯಾವುದು ಎಂದೇ ತಿಳಿಯುವುದಿಲ್ಲ.

ನನಗೆ ಹೊಳೆದದ್ದು ಇದು: ಡಿಸ್ಕನೆಕ್ಟ್‌ಗೆ ‘ಹಾಗೇ ಬಿಟ್ಟು ಬನ್ನಿ’, ಲಾಗ್ ಔಟ್‌ಗೆ ‘ಮುಗಿಸಿ ಬನ್ನಿ’, ಶಟ್‌ಡೌನ್‌ಗೆ ‘ಆಚೆಯ ಕಂಪ್ಯೂಟರನ್ನು ಆಫ್ ಮಾಡಿ’. ಕ್ರಿಯಾಪದವೇ ಪರಿಣಾಮವನ್ನೂ ಹೇಳಿಬಿಡುತ್ತದೆ, ಅಲ್ವಾ? ಆದರೆ ಗುಂಡಿಯ ಮೇಲೆ ಬರೆಯಲು ‘ಬಿಟ್ಟು ಬನ್ನಿ’ ತೀರಾ ಮಾತಿನಂತಿದೆ ಎಂದು ಕೆಲವರಿಗೆ ಅನ್ನಿಸಬಹುದು. ನಾಮಪದ ಬೇಕಾದಾಗಲೂ ಕಷ್ಟ. ‘ಡಿಸ್ಕನೆಕ್ಟ್ ಆದ ಸೆಷನ್’ (ಸೆಷನ್ ಅಂದರೆ ಲಾಗ್ ಇನ್ ಆದಾಗಿನಿಂದ ಲಾಗ್ ಔಟ್ ಆಗುವವರೆಗಿನ ಕೆಲಸ) ಎನ್ನಲು ‘ಬಿಟ್ಟುಬಂದ ಸೆಷನ್’ ಎಂದರೆ ನಡೆಯುತ್ತದೆಯೇ? ಸೆಷನ್‌ಗೆ ‘ಅಧಿವೇಶನ’ ಬೇಡ, ಅದು ಸಭೆ ಸೇರುವವರಿಗೆ ಇರಲಿ.

ತಾಂತ್ರಿಕ ಸಹಾಯ ಕೊಡುವವರು ಫೋನಿನಲ್ಲಿ ‘ರಿಮೋಟ್ ತಗೊಂಡು ನೋಡ್ತೀನಿ’ ಅನ್ನುತ್ತಾರೆ. ಆಗ ಆಚೆ, ಈಚೆ ಎರಡೂ ತಿರುಗುಮುರುಗು: ಸಹಾಯ ಕೇಳಿದವರಿಗೆ ಈಚೆಯಾದದ್ದು ಕೊಡುವವರಿಗೆ ಆಚೆ. ಆ ಅಧ್ಯಾಯದಲ್ಲಿ ‘ನಿಮ್ಮ ಕಂಪ್ಯೂಟರ್’, ‘ಸಹಾಯ ಮಾಡುವವರ ಕಂಪ್ಯೂಟರ್’ ಎಂದು ಬದಲಾಯಿಸಿಕೊಳ್ಳಲೇ, ಅಥವಾ ಇಡೀ ಕೈಪಿಡಿಗೆ ಒಂದೇ ಜೋಡಿ ಪದ ಇರಬೇಕೇ? ಇಂಥ ಕೆಲಸ ದಿನವೂ ಮಾಡುವವರು, ನೀವು ಮಾತಾಡುವಾಗ ನಿಜವಾಗಿ ಬಳಸುವ ಪದಗಳನ್ನೇ ಬರೆದು ತಿಳಿಸಿ.